ಆಳಂದದವರು ತುರ್ಕಿಗೆ ಹೆಣ್ಣು ಕೇಳಲು ಹೋದದ್ದು

ನಾನು ಹೋದಲ್ಲೆಲ್ಲ ಏನಾದರೊಂದು ಆಗೇ ಆಗುತ್ತದೆ. ಅಲ್ಲಿ ಆಗದಿದ್ದರೆ, ತಿರುಗಿ ಆಳಂದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಾಲ್ಕು ಮಂದಿಗೆ ಹೇಳುವಷ್ಟರಲ್ಲಿ ಆಗಿರುತ್ತದೆ. ತುರ್ಕಿಯಲ್ಲಿ ಮಾತ್ರ ನಾನು ಏನೂ ಸೇರಿಸಬೇಕಾಗಲಿಲ್ಲ.

ನಾನು ಅತನೂರಿನವ, ಒಕ್ಕಲುತನದ ಮನುಷ್ಯ, ಸಾಲಿಯ ಹೊಸ್ತಿಲು ತುಳಿದವನಲ್ಲ. ಆಳಂದದಲ್ಲಿ ತೊಗರಿ ವ್ಯಾಪಾರ ಮಾಡುವ ಸಾಹೇಬ ನನ್ನ ಹಳೇ ದೋಸ್ತ. ಅವನ ಮಗ ತುರ್ಕಿಯ ಒಂದು ಹೋಟೆಲ್ಲಿನಲ್ಲಿ ರೊಟ್ಟಿ ಸುಡುತ್ತಿದ್ದ. ಅಲ್ಲೇ ಕೆಲಸಕ್ಕಿದ್ದ ಹುಡುಗಿಯನ್ನು ಮೆಚ್ಚಿದ, ಆಕೆಯೂ ಮೆಚ್ಚಿದಳು. ಲಗ್ನವಾಗಿ ಆಳಂದಕ್ಕೆ ಬಂದು ಬೇಕರಿ ಹಾಕಬೇಕೆಂದು ಇಬ್ಬರ ಆಸೆ. ಆದರೆ ಆ ದೇಶದಲ್ಲಿ ಹುಡುಗನ ಕಡೆಯ ಹಿರಿಯರು ಮನೆಗೆ ಹೋಗಿ ಕೇಳದೆ ಹೆಣ್ಣು ಕೊಡುವುದಿಲ್ಲ.

"ಲೇ, ನಾಲ್ಕು ಮಂದ್ಯಾಗ ನನಗ ಮಾತು ಬರಂಗಿಲ್ಲ, ನೀನು ನಡಿ" ಅಂದ ದೋಸ್ತ.

"ನಾನು ಬಾಯಿ ತೆಗದ ಮ್ಯಾಲ ಮುರದ ಲಗ್ನ ಒಂದು ತೋರ್ಸು. ನಡಿ" ಅಂದೆ.

೧. ಚಹಾ

ಮೊದಲ ದಿನ ಹುಡುಗಿಯ ಅಪ್ಪ ತನ್ನ ಅಂಗಡಿಗೆ ಕರೆದ. ಬಡಗಿ ಮನುಷ್ಯ, ದಪ್ಪ ಮೀಸೆ, ಕಡಿಮೆ ಮಾತು. ನಡು ಸಣ್ಣಗಿದ್ದ ಗ್ಲಾಸಿನಲ್ಲಿ ಹಾಲಿಲ್ಲದ ಕೆಂಪು ಚಹಾ ಬಂತು. ಕುಡಿದೆ. ತುಂಬಿದರು. ಕುಡಿದೆ. ಮತ್ತೆ ತುಂಬಿದರು. ಬೀಗರಾಗುವವರ ಚಹಾ ಬೇಡ ಅನ್ನುವುದು ಹೇಗೆ? ಹತ್ತೊಂಬತ್ತನೆಯ ಗ್ಲಾಸಿಗೆ ಅಂಗಡಿ ಎದುರು ಮಂದಿ ನೆರೆಯಿತು, ನನ್ನ ಹೊಟ್ಟೆ ನಗಾರಿಯಾಯಿತು. ಪಕ್ಕದಲ್ಲಿ ದೋಸ್ತ ಒಂದೇ ಗ್ಲಾಸು ಮುಗಿಸಿ, ಅದರ ಬಾಯಿ ಮೇಲೆ ಚಮಚ ಅಡ್ಡ ಇಟ್ಟು ಆರಾಮಾಗಿ ಕೂತಿದ್ದ. ಹಾಗೆ ಇಟ್ಟರೆ "ಸಾಕು" ಅಂತ ಅಲ್ಲಿಯ ರೀತಿ. ಮಗ ಅವನಿಗೆ ಮೊದಲೇ ಹೇಳಿದ್ದನಂತೆ.

"ನನಗ್ಯಾಕ ಹೇಳಲಿಲ್ಲಲೇ?"

"ಭೀಮಾ ಹೊಳಿ ಅರ್ಧ ಕುಡದವ ನಾನು ಅಂತ ವಿಮಾನದಾಗ ನೀನೇ ಅಂದ್ಯಲ್ಲ? ಉಳದರ್ಧ ಹಿಡಸ್ತದೋ ಇಲ್ಲೋ ನೋಡಾಕತ್ತಿದ್ದೆ."

೨. ತೀರ್ಥ

ಮರುದಿನ ಹೆಣ್ಣು ಕೇಳಲು ಮನೆಗೇ ಹೋದೆವು. ಬಾಗಿಲಲ್ಲಿ ನಮ್ಮ ಚಪ್ಪಲಿ ಬಿಡಿಸಿ, ಒಳಗೆ ಮೆಟ್ಟಲು ಬೇರೆ ಮೆತ್ತನೆಯ ಚಪ್ಪಲಿ ಕೊಟ್ಟರು. ಹುಡುಗಿಯ ಅಜ್ಜಿ, ನನ್ನದೇ ವಾರಗೆಯವಳು, ಬಾಟಲಿ ಹಿಡಿದು ಬಂದು ಎಲ್ಲರ ಅಂಗೈಗೂ ನಿಂಬೆ ವಾಸನೆಯ ನೀರು ಸುರಿದಳು. ಅಂಗೈಗೆ ಬಿದ್ದದ್ದನ್ನು ಏನು ಮಾಡಬೇಕೆಂದು ನನಗೆ ಯಾರು ಹೇಳಿಕೊಡಬೇಕು? ಭಕ್ತಿಯಿಂದ ಬಾಯಿಗೆ ಹಾಕಿ, ಉಳಿದದ್ದನ್ನು ನೆತ್ತಿಗೆ ಸವರಿಕೊಂಡೆ. ಗಂಟಲಿನಿಂದ ಕರುಳಿನ ತನಕ ಬೆಂಕಿ ಬಿತ್ತು.

"ಕಾಕಾ! ಅದು ಕೈಗೆ ತಿಕ್ಕೊಳ್ಳೋ ಅತ್ತರ್ರಿ, ಬರೇ ಸ್ಪಿರಿಟು!" ಹುಡುಗ ಚೀರಿದ. ಪಾಪ, ಅಜ್ಜಿ ನೀರಿಗಾಗಿ ಒಳಗೆ ಓಡಿದಳು.

ನಾನು ಕಣ್ಣೊರೆಸಿಕೊಂಡು ಅಂದೆ: "ಗೊತ್ತದ ಲೇ. ನಮ್ಮ ಕಡಿ ಒಳಗಿಂದ ತಿಕ್ಕೊಂತೇವಿ ಅಂತ ಹೇಳವರಿಗೆ."

೩. ಗದ್ದ

ಮಾತು ಶುರು ಮಾಡಿದೆ. ನಾನಂದದ್ದನ್ನು ಹುಡುಗ ಅವರ ಭಾಷೆಗೆ ತಿರುಗಿಸುತ್ತಿದ್ದ.

"ನಿಮ್ಮ ಮಗಳನ್ನ ನಮ್ಮ ಹುಡುಗಗ ಕೊಡ್ರಿ. ಕುಡಿಯಂಗಿಲ್ಲ, ಸೇದಂಗಿಲ್ಲ."

ಬಡಗಿ ಗದ್ದ ಮೇಲೆತ್ತಿ "ಚ್ಚ್" ಅಂದ. ನಮ್ಮಲ್ಲಿ ಗದ್ದ ಎತ್ತಿದರೆ "ಮತ್ತೇನು?" ಅಂತ. ಸರಿ, ಹೇಳಿದೆ: "ಏಳು ವರ್ಷದವಿದ್ದಾಗ ಕೊಳಕೂರದ ಹಳ್ಳದಾಗ ಹರಕೊಂಡು ಹೊಂಟಿದ್ದ ಎಮ್ಮಿನ ಬಾಲ ಹಿಡದು ದಂಡಿಗಿ ಎಳದಾನ್ರಿ."

ಮತ್ತೆ ಗದ್ದ ಏರಿತು. ಎಮ್ಮೆಯ ಹಿಂದೆ ಒಂದು ಟ್ರ್ಯಾಕ್ಟರನ್ನೂ ಎಳೆಸಿದೆ. ಮತ್ತೆ ಗದ್ದ.

ಹುಡುಗ ಬೆವೆತು ಹೋಗಿದ್ದ. "ಸಾಕ್ರಿ ಕಾಕಾ. ಇಲ್ಲಿ ಗದ್ದ ಎತ್ತಿದ್ರ 'ಇಲ್ಲ' ಅಂತ ಅರ್ಥ."

"ಅಂದ್ರ ಮೂರು ಸಲ ಹೆಣ್ಣು ಕೊಡಂಗಿಲ್ಲ ಅಂದ್ರೇನು?"

"ಹೆಣ್ಣು ಕೊಡಂಗಿಲ್ಲ ಅಂದದ್ದು ಮೊದಲನೇದು ಒಂದೇರಿ. ಉಳದೆರಡು, ಎಮ್ಮಿ ಸುಳ್ಳು, ಟ್ರ್ಯಾಕ್ಟರ್ ಸುಳ್ಳು ಅಂತ."

೪. ಕಾಫಿ

ಆಮೇಲೆ ಬಡಗಿಯೇ ಬಾಯಿ ಬಿಟ್ಟ. "ಹುಡುಗ ಚೊಲೋ ಅದಾನ. ಆದರ ಅಷ್ಟು ದೂರದಾಗ ನನ್ನ ಮಗಳು ಒಂದು ತಪ್ಪು ಮಾಡಿದ್ರ ಆಕಿ ಕಡಿ ಯಾರು ನಿಲ್ತಾರ?"

ಹುಡುಗ ಇದನ್ನು ನಮಗೆ ತಿರುಗಿಸಿ ಹೇಳಿದ. ದೋಸ್ತ ನನ್ನನ್ನು ಮೊಣಕೈಯಿಂದ ತಿವಿದ. ನಾನು ಹೇಳಲು ಇನ್ನೊಂದು ಎಮ್ಮೆ ಹುಡುಕುತ್ತಿದ್ದೆ.

ಅಷ್ಟರಲ್ಲಿ ಹುಡುಗಿ ಕಾಫಿ ತಂದಳು. ತಲೆ ಎತ್ತಲಿಲ್ಲ. ಮೊದಲ ಕಪ್ಪನ್ನು ಹುಡುಗನ ಮುಂದೆ ಇಟ್ಟಳು. ಹಿರಿಯ ನಾನಿರುವಾಗ ಅವನಿಗೇಕೆ ಮೊದಲು? ಗಡಿಬಿಡಿಯಲ್ಲಿ ಮರೆತಳೆಂದು ನಾನೇ ಎತ್ತಿಕೊಂಡು ಒಂದು ಗುಟುಕು ಕುಡಿದೆ. ಉಪ್ಪು! ಮುಷ್ಟಿಗಟ್ಟಲೆ ಉಪ್ಪು! ಪಾಪ, ಕೂಸು ಅಂಜಿ ಸಕ್ಕರೆ ಬಿಟ್ಟು ಬೇರೆ ಡಬ್ಬಿಗೆ ಕೈ ಹಾಕಿದೆ. ಗೊತ್ತಾದರೆ ಮಂದಿ ಮುಂದೆ ಆಕೆಯ ಮಾನ ಹೋಗುತ್ತದೆ. ಹುಬ್ಬು ಅಲುಗಿಸದೆ ಪೂರಾ ಕುಡಿದು ಅಂದೆ: "ಇಂಥಾ ಕಾಫಿ ಕಲಬುರಗಿ ಜಿಲ್ಲಾದಾಗ ಎಲ್ಲೂ ಸಿಗಂಗಿಲ್ಲವ್ವ." ಅದು ಮಾತ್ರ ಸುಳ್ಳಲ್ಲ.

ಹುಡುಗ ತಲೆ ಹಿಡಿದುಕೊಂಡ. "ಕಾಕಾ, ಅದು ನನ್ನ ಕಪ್ರಿ! ಬೇಕಂತಲೇ ಉಪ್ಪು ಹಾಕ್ತಾರ. ಮಾರಿ ಹಿಂಡದ ಕುಡದವಗ ಹೆಣ್ಣು!"

ಬಡಗಿ ನನ್ನ ಕಡೆ ತಿರುಗಿದ. "ಉಪ್ಪು ಗೊತ್ತಾಗಲಿಲ್ಲೇನು?"

"ಗೊತ್ತಾತ್ರಿ. ಕೂಸು ಅಂಜಿ ತಪ್ಪು ಮಾಡ್ಯಾಳ ಅನ್ಕೊಂಡೆ. ಅಂಥಾದ್ದು ಮಂದಿ ಮುಂದ ಆಡಿ ತೋರಸ್ತಾರೇನ್ರಿ?"

ಬಡಗಿ ಮೀಸೆಯಲ್ಲೇ ನಕ್ಕ. ಆಮೇಲೆ ಎದ್ದು ಮಗಳ ತಲೆ ಮೇಲೆ ಕೈಯಿಟ್ಟು "ಕೊಟ್ಟೆ" ಅಂದ. ಹುಡುಗನಿಗೆ ಎರಡನೇ ಕಪ್ಪು ಬಂತು, ಉಪ್ಪು ದುಪ್ಪಟ್ಟು. ಕಣ್ಣಲ್ಲಿ ನೀರು ಸುರಿದರೂ ನಗುತ್ತ ಕುಡಿದ.

ಆಗ ಅಜ್ಜಿ ನನ್ನ ಕಡೆ ಬೊಟ್ಟು ಮಾಡಿ ಏನೋ ಅಂದಳು. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಹುಡುಗ ಹೇಳಲೊಲ್ಲ. ಬೆನ್ನು ಹತ್ತಿದ ಮೇಲೆ ಹೇಳಿದ:

"'ಮೊದಲು ಕುಡದು ಗೆದ್ದವ ಈ ಮುದುಕ. ಮೊಮ್ಮಗಳಂತೂ ಹೋದಳು, ಮನ್ಯಾಗ ಇನ್ನ ನಾನೊಬ್ಬಾಕಿ ಉಳದೀನಿ, ಒಪ್ತಾನೇನು ಕೇಳಿ ನೋಡು' ಅಂತಾರ್ರಿ."

ಹೆಣ್ಣು ಕೇಳಲು ಹೋಗಿ, ಎಪ್ಪತ್ತಾರರಲ್ಲಿ ತಾನೇ ಕೇಳಿಸಿಕೊಂಡು ಬಂದವ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ನಾನೊಬ್ಬನೇ. ಬೇಕಾದರೆ ಯಾರನ್ನಾದರೂ ವಿಚಾರಿಸಿರಿ. ನನ್ನ ಹೆಂಡತಿಯನ್ನೊಬ್ಬಳನ್ನು ಬಿಟ್ಟು.