ಮಾಮಾನ ಸಾಕೆಟ್ ಲೈಬ್ರರಿ

ನಮ್ಮ ಮಾಮಾನಷ್ಟು ಬುದ್ಧಿವಂತರು ಬಸವನ ಬಾಗೇವಾಡಿಯಲ್ಲಿ ಇನ್ನೊಬ್ಬರಿಲ್ಲ. ಇದನ್ನು ನನಗೆ ಹೇಳಿದವರು ಅವರೇ. ಆದರೆ ಆ ಬುದ್ಧಿಯೆಲ್ಲ ಖರ್ಚಾಗುತ್ತಿದ್ದದ್ದು ಇದು ಒಳ್ಳೆಯದೋ ಅದು ಒಳ್ಳೆಯದೋ ಎಂದು ಯೋಚಿಸುವುದಕ್ಕೆ. ಅವರು ಕನ್ನಡಕದ ಫ್ರೇಮ್ ಆರಿಸಿ ಮುಗಿಸುವಷ್ಟರಲ್ಲಿ ಕಣ್ಣಿನ ನಂಬರೇ ಬದಲಾಗಿ, ಮತ್ತೆ ಡಾಕ್ಟರ ಹತ್ತಿರ ಹೋಗಬೇಕಾಯಿತು! ಇಂಥವರು ಎರಡು ಸಾವಿರದ ಮೂರೋ ನಾಲ್ಕೋ ಇಸವಿಯಲ್ಲಿ ಟೈಪಿಂಗ್ ಕ್ಲಾಸು ಮುಚ್ಚಿ ಕಂಪ್ಯೂಟರ್ ಕ್ಲಾಸು ತೆಗೆದರು.

ಅವರು ನನ್ನ ಅವ್ವನ ತಮ್ಮ. ಪ್ರತಿ ರವಿವಾರ ಬಸ್ಸು ಹತ್ತಿ ಮುದ್ದೇಬಿಹಾಳದ ನಮ್ಮ ಮನೆಗೆ ಬಂದು, ಅವ್ವನ ಜೊತೆ ಪಗಡೆ ಆಡಿ, ಸೋತು, ಜಗಳಾಡಿ, ಊಟ ಮಾಡಿ ಹೋಗುತ್ತಿದ್ದರು. ಆ ವರ್ಷ ಅವರ ಬೆನ್ನುಮೂಳೆ ಕೈಕೊಟ್ಟಿತು. ಬಸ್ಸು ಹತ್ತಕೂಡದು ಎಂದು ಡಾಕ್ಟರು ಹೇಳಿದರು. ನಮ್ಮ ಕಡೆಯ ರಸ್ತೆ ನೋಡಿಯೇ ಹೇಳಿರಬೇಕು. ಅವ್ವನಿಗೋ ಮೊಣಕಾಲು ನೋವು, ಮನೆಯ ಮೆಟ್ಟಿಲು ಇಳಿಯುವುದೇ ಕಷ್ಟ. ಎರಡು ರವಿವಾರ ಪಗಡೆಯ ಹಾಸು ಬಿಚ್ಚಲೇ ಇಲ್ಲ. ಮೂರನೆಯ ರವಿವಾರ ಮಾಮಾ ಫೋನ್ ಮಾಡಿ, ಇಬ್ಬರೂ ತಂತಮ್ಮ ಊರಿನಲ್ಲೇ ಕಂಪ್ಯೂಟರ್ ಮುಂದೆ ಕೂತು ಆಡುವಂಥ ಪಗಡೆಯನ್ನು ತಾವೇ ಬರೆಯುತ್ತಿರುವುದಾಗಿ ಸಾರಿದರು. ಹಾಸು, ಕಾಯಿ, ದಾಳ ಎಲ್ಲ ಸಿದ್ಧವಂತೆ. ತಮ್ಮ ಕ್ಲಾಸಿನ ಹಳೆಯ ಕಂಪ್ಯೂಟರೊಂದನ್ನು ನಮ್ಮ ಮನೆಗೆ ಕಳಿಸುತ್ತಾರಂತೆ.

"ಈಗ ಒಂದು ಛಲೋ ಸಾಕೆಟ್ ಲೈಬ್ರರಿ ಸಿಕ್ರ ಮುಗೀತು," ಎಂದರು.

ಅಷ್ಟೇ ತಾನೇ ಎಂದು ನಾನು ಬಜಾರಿನ ಎಲೆಕ್ಟ್ರಿಕ್ ಅಂಗಡಿಗೆ ಹೋದೆ. ಅಂಗಡಿಯವನು ಬಿಳಿಯದು, ಕರಿಯದು, ಎರಡು ತೂತಿನದು, ಮೂರು ತೂತಿನದು ಎಲ್ಲ ತೋರಿಸಿ, ಕೊನೆಗೆ, "ಸಾಕೆಟ್ ನಮ್ಮಲ್ಲಿ ಐತ್ರಿ. ಲೈಬ್ರರಿ ಬಸ್ ಸ್ಟ್ಯಾಂಡ್ ಹಿಂದ ಐತಿ," ಎಂದ.

ಇದನ್ನು ಫೋನಿನಲ್ಲಿ ಹೇಳಿದರೆ ಮಾಮಾ ನಗಲಿಲ್ಲ. ಒಂದು ಕಂಪ್ಯೂಟರಿನ ಮಾತನ್ನು ಇನ್ನೊಂದಕ್ಕೆ ಮುಟ್ಟಿಸಲು ಯಾರೋ ಮೊದಲೇ ಬರೆದಿಟ್ಟ ಪ್ರೋಗ್ರಾಮುಗಳ ಗಂಟು ಅದು ಎಂದು ವಿವರಿಸಿದರು. ಅವರ ಬಳಿ ಮೂರು ಗಂಟುಗಳಿದ್ದವು. ಮೊದಲನೆಯದು ಬಹಳ ಚುರುಕು, ಆದರೆ ದಾರಿಯಲ್ಲಿ ಮಾತು ಕಳೆದುಹೋದರೆ ಹುಡುಕುವುದಿಲ್ಲ. ಎರಡನೆಯದು ಏನನ್ನೂ ಕಳೆಯದು, ಆದರೆ ಒಂದು ಮಾತು ಸಿಕ್ಕಿಬಿದ್ದರೆ ಹಿಂದಿನವೆಲ್ಲ ರೈಲ್ವೆ ಗೇಟಿನಲ್ಲಿ ನಿಂತ ಬಸ್ಸುಗಳಂತೆ ಕಾಯುತ್ತವೆ. ಮೂರನೆಯದರ ಪುಸ್ತಕ ಯಾವುದೋ ಪರದೇಶದ ಭಾಷೆಯಲ್ಲಿತ್ತು, ಹಾಗಾಗಿ ಅದೇ ಎಲ್ಲಕ್ಕಿಂತ ಒಳ್ಳೆಯದಿರಬೇಕೆಂದು ಅವರಿಗೆ ಗುಮಾನಿ. ತಿಳಿಯಿತು ಎಂದೆ. ನನಗೇನು ತಿಳಿದಿತ್ತು, ಮಣ್ಣು?

ತಿಂಗಳು ಕಳೆಯಿತು. ಸೋಮವಾರ ಮೊದಲನೆಯದು, ಗುರುವಾರ ಎರಡನೆಯದು, ಶನಿವಾರ ತಲೆನೋವು. ಕೊನೆಗೆ ದಾಳ ಉರುಳಿಸಿ ತೀರ್ಮಾನ ಮಾಡಿದರಂತೆ. ಬಿದ್ದದ್ದು ಮನಸ್ಸಿಗೆ ಬರಲಿಲ್ಲವೆಂದು ಮತ್ತೆ ಉರುಳಿಸಿದರಂತೆ. ಹೀಗೆ ಏಳು ಸಲ!

ಅಂತೂ ಚುರುಕಿನದನ್ನು ಹಾಕಿ ಮೊದಲ ಆಟ ಶುರುವಾಯಿತು. ಅವ್ವನಿಗೆ ಬಿತ್ತು ಹನ್ನೆರಡು. ಆ ಹನ್ನೆರಡು ಬಾಗೇವಾಡಿಗೆ ಮುಟ್ಟಲೇ ಇಲ್ಲ. ಮಾಮಾ ತಮ್ಮದೇ ಸರದಿಯೆಂದು ತಿಳಿದು ಕಾಯಿ ನಡೆಸಿ ಅವ್ವನ ಕಾಯಿ ಹೊಡೆದರು. ಫೋನಿನಲ್ಲಿ ಬೈಯೋಣವೆಂದರೆ ಇಂಟರ್ನೆಟ್ಟು ಬರುವುದೂ ಅದೇ ಫೋನಿನ ತಂತಿಯಲ್ಲಿ, ಅದು ಹತ್ತಿದಾಗ ಫೋನು ಸತ್ತಿರುತ್ತದೆ. ಅವ್ವ ನನ್ನನ್ನು ಮೂಲೆಯ ಫೋನ್ ಬೂತಿಗೆ ಓಡಿಸಿದಳು. ನಾನು ಅಲ್ಲಿಂದ ಮಾಮಾನ ಪಕ್ಕದ ದರ್ಜಿ ಅಂಗಡಿಗೆ ಫೋನ್ ಹಚ್ಚಿ, ಅವ್ವ ಬೈದದ್ದನ್ನು ಒಂದಕ್ಷರ ಕಳೆಯದೆ ಹೇಳಿ, ಉತ್ತರ ಹೊತ್ತು ಮನೆಗೆ ಓಡಿದೆ. ನಾಲ್ಕು ಸಲ ಓಡಿದ ಮೇಲೆ, ಯಾವ ಲೈಬ್ರರಿಗಿಂತಲೂ ನಾನೇ ಒಳ್ಳೆಯವನು ಎಂದು ಮಾಮಾ ಹೇಳಿಕಳಿಸಿದರು.

ಮರುವಾರ ಎರಡನೆಯದು. ಏನೂ ಕಳೆಯಲಿಲ್ಲ ನಿಜ. ಆದರೆ ಅರ್ಧ ತಾಸಾದರೂ ಆ ಕಡೆಯಿಂದ ಕಾಯಿ ಅಲುಗಲಿಲ್ಲ. ಲೈನ್ ಬಿದ್ದಿದೆಯೋ, ಮಾಮಾ ಯೋಚಿಸುತ್ತಿದ್ದಾರೋ? ಇದನ್ನು ಯಾವ ಇಂಜಿನಿಯರ್ ಹೇಳಬಲ್ಲ? ಅವ್ವ ಮಾತ್ರ ನಿಶ್ಚಿಂತೆಯಿಂದ, "ಲೈನ್ ಛಲೋನ ಐತಿ. ಅಂವ ಯಾವಾಗ ಲಗೂ ಆಡ್ಯಾನ?" ಎಂದಳು. ಲೈನ್ ಬಿದ್ದು ಇಪ್ಪತ್ತೈದು ನಿಮಿಷವಾಗಿತ್ತು.

ಇದಾದ ಮೇಲೆ ಮಾಮಾ ಒಂದೇ ದಿನದಲ್ಲಿ ಮೂರನೆಯದನ್ನು ಆರಿಸಿಬಿಟ್ಟರು. ನನಗೆ ಗಾಬರಿಯಾಯಿತು. ಪುಸ್ತಕ ಓದಲು ಬರುವುದಿಲ್ಲ, ಚುರುಕೂ ಇಲ್ಲ, ಏನು ನೋಡಿ ಆರಿಸಿದಿರಿ ಎಂದು ಕೇಳಿದೆ.

"ಆ ಕಡಿ ಮಂದಿ ಅದಾರೋ ಇಲ್ಲೋ ಅಂತ ಇದು ಗಳಿಗಿಗೊಮ್ಮೆ ಕೇಳಿಕೊಂಡು ಬರ್ತೈತಿ," ಎಂದರು. "ಇದ್ರ ಒಂದು ಹಸಿರು ಚುಕ್ಕಿ ಹತ್ತುವಂಗ ಮಾಡೇನಿ. ಅಕ್ಕ ಕುಂತಾಳ ಅಂತ ಗೊತ್ತಾದ್ರ ನನಗ ಸಾಕು."

ಆ ರವಿವಾರ ಆಟ ಸುಸೂತ್ರ ನಡೆಯಿತು. ಮಾಮಾ ಸೋತರು. ಸಂಜೆಯಾಗಿತ್ತು, ನಾನು ಕಂಪ್ಯೂಟರ್ ಬಂದ್ ಮಾಡಲು ಕೈ ಚಾಚಿದೆ. ಅವ್ವ ನನ್ನ ಕೈ ಹಿಡಿದಳು.

"ತಡಿ. ಅಂವ ಇನ್ನೂ ಕುಂತಾನ."

ಪರದೆಯ ಮೂಲೆಯಲ್ಲಿ ಚುಕ್ಕೆ ಹಸಿರಾಗಿಯೇ ಇತ್ತು. ಆ ಕಡೆ ಮಾಮಾನೂ ಎದ್ದಿರಲಿಲ್ಲ. ಅವ್ವ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಅರಳೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮನ ಎದುರು ಕೂತು ದೀಪದ ಬತ್ತಿ ಹೊಸೆಯತೊಡಗಿದಳು.