ಗೇರ್ ಸೈಕಲ್ ಅಳಿಯ, ಪಂಚಮಿ ಕರ್ಯಾಕ ಹೋದ ಮಾವ

ನಾ ನಾರಾಯಣಪೇಟದಾಗ ಸೀರಿ ಅಂಗಡಿ ಇಟ್ಟಾವ. ಗಿರಾಕಿ ಮುಂದ ರಾಶಿ ಸೀರಿ ಬಿಚ್ಚಿ ಹರವಿದ ಮ್ಯಾಲೆ, "ಆಮ್ಯಾಲೆ ಬರ್ತೀವ್ರೀ" ಅಂತ ಎದ್ದು ಹೋಗ್ತಾರಲ್ಲ, ನನ್ನ ಜೀವನದಾಗ ಎಲ್ಲಾ ಹಂಗೇ ಆಗ್ತೈತ್ರೀ. ಎಷ್ಟು ಹರವಿದ್ರೂ ಕಡೀಕ ಮಡಚಾವ ನಾನೇ.

ಮಗಳನ್ನ ಗದ್ವಾಲಕ್ಕ ಕೊಟ್ಟೀನಿ. ಅಳಿಯಾಗ ಗೇರ್ ಸೈಕಲ್ ಹುಚ್ಚು. ನಿಶ್ಚಯದ ದಿನ ನನ್ನ ತಮ್ಮ ಬಾಯಿ ಸುಮ್ನ ಇಟ್ಕೊಳ್ಳದ, "ಗಂಡು ಸೈಕಲ್ ಮ್ಯಾಲೆ ಬಂದಾನ? ಮೋಟಾರ್ ಗಾಡಿ ಇಲ್ಲೇನು?" ಅಂದುಬಿಟ್ಟ. ಅಳಿಯ ಆ ಮಾತು ಮನಸಿಗೆ ಹಚ್ಚಿಕೊಂಡ. ಮದವಿ ಆದ ಮ್ಯಾಲೆ ನಮ್ಮ ಹೊಸ್ತಲಾನೂ ತುಳೀಲಿಲ್ಲ. ಮೊದಲನೇ ನಾಗರ ಪಂಚಮಿಗೆ ಮಗಳು ತವರಿಗೆ ಬರಲಿಲ್ಲ. ಕಟ್ಟಿದ ಜೋಕಾಲಿ ನನ್ನ ಹೆಂಡ್ತಿ ಅಳಕೋತ ಬಿಚ್ಚಿದ್ಲು.

ಎರಡನೇ ಪಂಚಮಿ ಹತ್ರ ಬಂದಾಗ ಮಗಳ ಫೋನ್. "ಅಪ್ಪಾ, ಶನಿವಾರ ಇವರು ಹೊಳಿ ಕಮರಿ ಅಂಚಿನಾಗ ಸೈಕಲ್ ಹೊಡ್ಯಾಕ ಹೊಂಟಾರ. ಅಲ್ಲೇ ಡೇರಾ ಹಾಕಿ ಮಲಗ್ತಾರಂತ. ನೀನೂ ಹೋಗು. ಖುಷಿಯಾಗಿದ್ದಾಗ ಪಂಚಮಿಗೆ ಕರಿ."

ಹೋದೆ. ಮಕ್ತಲ್‌ದಾಗ ಅಳಿಯ ಸಿಕ್ಕು, ತನ್ನ ಇನ್ನೊಂದು ಗೇರ್ ಸೈಕಲ್ ನನಗ ಕೊಟ್ಟ. ಮಂಡಿ ನೋವು ಯಾರ ಮುಂದ ಹೇಳೋದು?

ಗೇರ್

ಮಕ್ತಲ್ ದಾಟಿ ಏರು ಬಂತು. "ಮಾವಾ, ಹಗೂರ ಗೇರ್ ಹಾಕ್ರಿ" ಅಂತ ಕೂಗಿ ಅಳಿಯ ಮುಂದ ಹೋದ. ನಾ ಯಾವುದೋ ಒತ್ತಿದೆ. ಕಾಲು ಗರಗರ ತಿರಗ್ತಾವ, ಸೈಕಲ್ ಮಾತ್ರ ಅಲ್ಲೇ ಐತಿ. ತೆಲಿ ಮ್ಯಾಲೆ ಹುಲ್ಲಿನ ಹೊರಿ ಹೊತ್ತ ಮುದುಕಿ ನನ್ನ ದಾಟಿ ಹೋದ್ಲು. ತಿರುಗಿ ನೋಡಿ ತೆಲುಗಿನಾಗ, "ಏಮಯ್ಯಾ, ಆರೋಗ್ಯಂ ಬಾಗುಂದಾ?" ಅಂದ್ಲು. "ಬಾಗುಂದಮ್ಮಾ" ಅಂದೆ, ಆರಾಮ ಅದೀನಿ ಅಂತ. ಅಕಿ ನಂಬಲಿಲ್ಲ. ಏರಿನ ತುದಿಗೆ ಬೇವಿನ ಗಿಡದ ಕೆಳಗ ಹೊರಿ ಇಳಿಸಿ, ನಾ ಜೀವಂತ ಬರೋತನಕ ಕಾಯಕೋತ ಕುಂತಿದ್ಲು.

ಸರ್ವೇ

ಅಂಚಿಗೆ ಮುಟ್ಟಿದ್ವಿ. ಕೆಳಗ ಬಂಡೆ ಕೊರದು ಹರಿಯೋ ಕೃಷ್ಣಾ. ಅಳಿಯ ಮೊಬೈಲ್ ಎತ್ತಿ ಹಿಡದು ದಾರಿ ಹುಡುಕಾಕತ್ತಿದ. ಸೈಕಲ್ ಹಿಂದ ಕೆಂಪು ಬಾವುಟ. ಆಗ ಹೊಸ ರಾಜ್ಯ ಬಂದು, ಹೊಸ ಜಿಲ್ಲಾ ಮಾಡ್ತಾರಂತ ಊರೂರ ಕಟ್ಟಿ ಮ್ಯಾಲೆ ಅದೇ ಮಾತು. ನಮ್ಮನ್ನ ಸರ್ವೇದವರು ಅಂತ ತಿಳದು ಮಂದಿ ಓಡಿ ಬಂತು.

"ಸಾಹೇಬ್ರ, ನಮ್ಮೂರು ಗದ್ವಾಲಕ್ಕ ಹಾಕ್ರಿ!" ಅಂದ ಒಬ್ಬ.

"ಏ, ಬ್ಯಾಡ! ನಾರಾಯಣಪೇಟಕ್ಕ!" ಅಂದ ಇನ್ನೊಬ್ಬ. ಇಬ್ರೂ ಅಂಗಿ ಅಂಗಿ ಹಿಡದ್ರು.

ನಾ ಕೈ ಮುಗದೆ. "ನಾವು ಸರ್ವೇದವರಲ್ರಪ್ಪಾ. ಇವರು ನನ್ನ ಅಳಿಯಂದ್ರು. ಇಬ್ರೂ ಇಲ್ಲಿ ಮಲಗಾಕ ಬಂದೀವಿ."

ಜಗಳ ಗಪ್ ಆತು. ಎಮ್ಮಿ ಮೇಸಕೋತ ನಿಂತಿದ್ದ ಹಿರ್ಯ ಮೆತ್ತಗ ಕೇಳಿದ: "ಅಳಿಯನ್ನ ಮಲಗಸಾಕ ನಿಮ್ಮ ಮನ್ಯಾಗ ಜಾಗಾ ಇಲ್ಲೇನ್ರೀ?"

ಅಳಿಯನ ಮಾರಿ ಕಪ್ಪಾತು. ನನ್ನ ಪಂಚಮಿ ಹೊಳ್ಯಾಗ ಬಿತ್ತು.

ಡೇರಾ

ಬಂಡೆಗಲ್ಲಿನಾಗ ಗೂಟ ಇಳೀಲಿಲ್ಲ. ಮೂರು ಹಗ್ಗ ದೊಡ್ಡ ಕಲ್ಲಿಗೆ ಕಟ್ಟಿದ್ವಿ. ನಾಕನೇದಕ್ಕ ಕಲ್ಲು ಸಿಗಲಿಲ್ಲ. ಹಿರ್ಯ ಅಂದ, "ನಮ್ಮ ಎಮ್ಮಿಗೆ ಕಟ್ರಿ. ಒಮ್ಮೆ ಕುಂತ್ರ ಅಲುಗಂಗಿಲ್ಲ." ನಾ ಬಾಯಿ ತೆರಿಯೋದ್ರಾಗ ಅಳಿಯ ಕಟ್ಟೇ ಬಿಟ್ಟ. ಅಳಿಯ ಮಾಡಿದ್ದಕ್ಕ ಮಾವ ಹ್ಯಾಂಗ ಬ್ಯಾಡ ಅಂದಾನು? ಒಳಗ ಹೋಗಿ ಮಂಡಿ ತಿಕ್ಕೋತ ಅಡ್ಡಾದೆ.

ಹೊತ್ತು ಮುಣಗೂದ್ರಾಗ ಊರ ಕಡಿಂದ ಹಿರ್ಯನ ಹೆಂಡ್ತಿ ಬಕೆಟ್ ಬಡದು ಕೂಗಿದ್ಲು. ಹಾಲು ಕರಿಯೋ ಹೊತ್ತು. ಎಮ್ಮಿ ಎದ್ದು ಮನಿ ದಾರಿ ಹಿಡೀತು. ಡೇರಾ ಮಗಚಿತು, ನಾ ಅದರಾಗ ಸುತ್ತಿಕೊಂಡು ಹಿಂದಿಂದ ಹೊಂಟೆ. ದೇವರ ಪುಣ್ಯ, ಎಮ್ಮಿ ಮನಿ ಊರ ಕಡೆ ಇತ್ತು, ಹೊಳಿ ಕಡೆ ಅಲ್ಲ. "ಮಾವಾ! ಮಾವಾ!" ಅಂತ ಅಳಿಯ ಹಿಂದ ಓಡಿದ. ಬೇಲಿ ಹತ್ರ ಹಗ್ಗ ಹರೀತು. ಸೆಗಣಿ ಹತ್ತಿದ ಮಾರಿ ಹೊರಗ ಹಾಕಿದೆ. ಮರ್ಯಾದಿ ಹೋತು, ಎಲ್ಲಾ ಮುಗೀತು ಅಂತ ಅಳುವೇ ಬಂತು. ಅಳಕೋತನ ಕೇಳಿದೆ: "ಅಳಿಯಂದ್ರ, ಪಂಚಮಿಗೆ ಬರ್ತೀರೇನ್ರೀ?"

ಅಳಿಯ ನೆಲದ ಮ್ಯಾಲೆ ಕುಂತುಬಿಟ್ಟ. ಹೊಟ್ಟಿ ಹಿಡಕೊಂಡು ನಕ್ಕ. ಮಾತೇ ಹೊರಡವಲ್ದು; ತೆಲಿ ಅಲ್ಲಾಡಿಸಿದ. ಹೂಂ ಅಂದನೋ ಊಹೂಂ ಅಂದನೋ, ಮನಿಗೆ ಬಂದ ಮ್ಯಾಲೂ ನನಗ ತಿಳೀಲಿಲ್ಲ.

ಪಂಚಮಿ ದಿನ ಮಗಳು ಬಸ್ಸಿಗೆ ಬಂದ್ಲು. ನನ್ನ ಹೆಂಡ್ತಿ ಕಣ್ಣು ಒರಸ್ಕೋತ ಜೋಕಾಲಿ ಕಟ್ಟಿದ್ಲು. ಸ್ವಲ್ಪ ಹೊತ್ತಿಗೆ ಅಳಿಯನೂ ಬಂದ, ಗೇರ್ ಸೈಕಲ್ ಮ್ಯಾಲೆ. ಬಾಗಲದಾಗ ನಿಂತಿದ್ದ ನನ್ನ ತಮ್ಮನ ಬಾಯಿ ಮತ್ತ ಸುಮ್ನಿರಲಿಲ್ಲ.

"ಇನ್ನೂ ಸೈಕಲ್ಲೇ ಏನ್ರೀ, ಅಳಿಯಂದ್ರ?"

ನಾ ತಮ್ಮನ ತೋಳು ಹಿಡದು ಹಿಂದ ಜಗ್ಗಿದೆ. ಅಳಿಯ ಚಪ್ಪಲಿ ಬಿಟ್ಟು, ಹೊಸ್ತಲ ದಾಟಿ ಒಳಗ ಬಂದು, ಸಾವಕಾಶ ಅಂದ:

"ನಾ ಸೈಕಲ್ ಮ್ಯಾಲರ ಬಂದೀನ್ರೀ. ನಿಮ್ಮ ಅಣ್ಣ ಎಮ್ಮಿ ಹಿಂದ ಮಲಕೊಂಡು ಹೋಗ್ಯಾರ."