ಕೇಳದೇ ಮಾಡಿದ ಉಪಕಾರದ ಬಿಲ್ಲು

ನಮ್ಮ ಸೋದರಮಾವನ ಎದುರು ಯಾರೂ ಕಷ್ಟದಲ್ಲಿದ್ದಂತೆ ಕಾಣಿಸಿಕೊಳ್ಳಬಾರದು! ಕಾಣಿಸಿಕೊಂಡಿರೋ, ಉಪಕಾರ ಆಗಿಯೇ ಹೋಗುತ್ತದೆ. ಹಿಂದೆಯೇ ಬಿಲ್ಲೂ ಬರುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಕೊಲ್ಹಾಪುರದಲ್ಲಿ ಕಾಯ್ದೆ ಓದುತ್ತಿದ್ದೆ, ಮಾವ ಇಚಲಕರಂಜಿಯಲ್ಲಿ ಮೋಟಾರಿನ ಮಗ್ಗ ನಡೆಸುತ್ತಿದ್ದ. ಒಮ್ಮೆ ರಜೆಯಲ್ಲಿ ಹೋದಾಗ ಅವನಿಗೆ ಕರಾರು ಕಾಯ್ದೆಯ ಒಂದು ಕಲಮು ಓದಿ ಹೇಳಿದೆ. ಯಾರೂ ಕೇಳದಿದ್ದರೂ ಒಬ್ಬ ಇನ್ನೊಬ್ಬನ ಕೆಲಸವನ್ನು ನ್ಯಾಯವಾಗಿ ಮಾಡಿಕೊಟ್ಟ, ಪುಕ್ಕಟೆ ಮಾಡುವ ಮನಸ್ಸು ಅವನಿಗಿರಲಿಲ್ಲ ಅನ್ನಿ. ಲಾಭ ಉಂಡವನು ಬೆಲೆ ಕೊಡಲೇಬೇಕು. ಮಾವ ಬಾಯಿ ತೆರೆದು ಕೂತ.

"ಸರಕಾರ ಇಷ್ಟ ಶಾಣ್ಯಾ ಐತೇನೋ, ಅಳ್ಯಾ?"

ಅಲ್ಲಿಂದ ಶುರುವಾಯಿತು! ಹಾತಕಣಂಗಲೆ ಸ್ಟೇಶನ್ನಿನಲ್ಲಿ ಒಬ್ಬ ಅಜ್ಜಿಯ ಟ್ರಂಕನ್ನು ರೈಲಿನಿಂದ ಇಳಿಸಿ ಟಾಂಗಾದಲ್ಲಿ ಇಟ್ಟೇಬಿಟ್ಟ.

"ಅಯ್ಯ ಮೂಳಾ, ನಾ ಮಿರಜಿಗಿ ಹೊಂಟೇನಿ!"

"ಹಂಗಾರ ನಿಮಗ ಫಾಯ್ದೆ ಆಗಲಿಲ್ಲ ಬಿಡ್ರಿ ಆಯಿ. ರೊಕ್ಕ ಬ್ಯಾಡ."

ಶಿಳ್ಳೆ ಹಾಕಿ ಹೊರಟ ಗಾಡಿಗೆ ಟ್ರಂಕು ಹೊತ್ತು ಓಡಿದ. ಕಾಯ್ದೆಯ ಮೇಲೆ ಇಂಥ ನಿಷ್ಠೆ ನಮ್ಮ ಪ್ರೊಫೆಸರರಿಗಾದರೂ ಇತ್ತೇ?

ಗಡಹಿಂಗ್ಲಜದ ಮೆಣಸಿನಕಾಯಿ ಶೆಟ್ಟರು ಊರಲ್ಲಿಲ್ಲದಾಗ ಅವರ ಅಂಗಡಿಯ ಒಡೆದ ಹಂಚು ಬದಲಿಸಿ ಬಂದ. ಮಳೆ ಬಂದುಹೋದ ಮೇಲೆ ವಸೂಲಿಗೆ ಹೋದ.

"ನಿಮಗ ಹೇಳಿದಾವ್ರ ಯಾರ್ರೀ?"

"ಯಾರೂ ಇಲ್ರಿ. ಚೀಲ ತೊಯ್ದಾವೇನ್ರಿ?"

"ಇಲ್ಲ."

"ಆತು ಮತ್ತ!"

ಶೆಟ್ಟರು ರೊಕ್ಕ ಎಣಿಸಿ, ಚಹಾ ಕುಡಿಸಿ, ಕೈ ಮುಗಿದರು. "ಇನ್ನ ಮ್ಯಾಲೆ ನನಗ ಉಪಕಾರ ಮಾಡಬ್ಯಾಡ್ರಿ. ಖರ್ಚು ಪರವಡೂದಿಲ್ಲ!"

ಇಂಥ ಮಾವನ ಮಗ್ಗದ ಶೆಡ್ಡಿಗೆ ಒಂದು ಮಧ್ಯಾಹ್ನ ಕಾಲೇಜಿನಿಂದ ನೇರವಾಗಿ ಹೋದೆ. ಕೊರಳಲ್ಲಿ ಟೈ! ಮಗ್ಗದವರೆಲ್ಲ ನೋಡಲಿ ಎಂದೇ ಕಟ್ಟಿದ್ದು. ಮಾವನ ಮಗ್ಗದ ಬುಡಕ್ಕೆ ನೂಲು ಸುತ್ತಿದ ಕೊಳವೆ, ಕಂಡಿಯೊಂದು ಉರುಳಿತು. ಎತ್ತಿಕೊಡು ಎಂದು ಯಾರೂ ಹೇಳಲಿಲ್ಲ. ನಾನೇ ಬಗ್ಗಿದೆ.

ಮೋಟಾರಿನ ಪಟ್ಟಾ ಟೈ ಕಚ್ಚಿತು.

ಈಗಲೂ ಹಿಟ್ಟಿನ ಗಿರಣಿಯ ಪಟ್ಟಾ ಓಡುವ ಸದ್ದು ಕೇಳಿದರೆ ನನ್ನ ಕೈ ತಾನಾಗಿ ಕೊರಳಿಗೆ ಹೋಗುತ್ತದೆ. ಆ ಹೊತ್ತು ಉಸಿರಿಲ್ಲ, ಕೂಗಿಲ್ಲ. ಪಟ್ಟಾ ಓಡುವ ಚಕ್ರ ಮಾತ್ರ ದೊಡ್ಡದಾಗುತ್ತ ಮುಖದ ಹತ್ತಿರ ಬರುತ್ತಿತ್ತು. ಪಟ್ಟಾ ಕೆಡಹುವ ಕೋಲು ಗೋಡೆಗೆ ಆತುಕೊಂಡಿತ್ತು. ಅದನ್ನು ತರುವಷ್ಟು ಹೊತ್ತು ನನಗೆ ಉಳಿದಿರಲಿಲ್ಲ. ಮಾವನಿಗೆ ಅದು ಹೇಗೆ ತಿಳಿಯಿತೋ! ಬರಿಗೈ ಹಾಕಿ ಪಟ್ಟಾವನ್ನು ಚಕ್ರದಿಂದ ಕಿತ್ತೆಸೆದ. ಮಗ್ಗ ನಿಂತಿತು. ನಾನು ಉಳಿದೆ. ಅವನ ಬಲಗೈಯ ಎರಡು ಬೆರಳು ಉಳಿಯಲಿಲ್ಲ.

ನೂಲಿನ ಎಳೆ ಹಿಡಿಯುವ ಬೆರಳುಗಳು ಅವು. ಅವನ ಅನ್ನ. ಇದಕ್ಕೆ ನಾನು ಕೊಡಬೇಕಾದ ಬೆಲೆ ಎಷ್ಟು? ಕೊಲ್ಹಾಪುರದ ಪುಸ್ತಕಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದೆ. ಯಾವುದರಲ್ಲೂ ಇರಲಿಲ್ಲ.

ನಾವು ದವಾಖಾನೆಯಿಂದ ಬಂದ ಮೇಲೆ ಅತ್ತೆ ತಾಟು ಇಟ್ಟು, ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು. ಮಾವ ಎಡಗೈಯಿಂದ ರೊಟ್ಟಿ ಮುರಿಯಲು ನೋಡಿದ. ಅದು ಜಾರಿತು. ನಾನು ತುಂಡು ಮುರಿದು, ಝುಣಕಾ ಹಚ್ಚಿ, ಅವನ ಬಾಯಿಯ ಹತ್ತಿರ ಹಿಡಿದೆ. ಮಾವ ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಸಣ್ಣ ಹುಡುಗನ ಹಾಗೆ ಬಾಯಿ ತೆರೆದ.

ತುತ್ತು ನುಂಗಿದವನು ಎಡಗೈ ಚಾಚಿ, ನನ್ನ ಕೊರಳ ಸುತ್ತ ಮೂಡಿದ್ದ ಕೆಂಪು ಗೆರೆಯನ್ನು ಮೆಲ್ಲಗೆ ಮುಟ್ಟಿದ.

"ಭಾಳ ಉರೀತೈತೇನೋ, ಅಳ್ಯಾ?"